ಕೈಚೀಲದ ಕಚೇರಿ: ಅಗ್ಗದ ಸಂಚಾರಿ ಗಣಕದ ನಿಜವಾದ ಬೆಲೆ

ಮಳೆಗಾಲದ ಒಂದು ಸಂಜೆ ನಾವುಂದದ ಪೇಟೆಯಲ್ಲಿ ವಿದ್ಯುತ್ ಕೈಕೊಟ್ಟರೆ ಅಂಗಡಿಯಲ್ಲಿ ಮೊದಲು ನಿಲ್ಲುವುದು ಮೂಲೆಯ ಮೇಜಿನ ಮೇಲಿರುವ ಗಣಕಯಂತ್ರ. ಸರಕು ತುಂಬಿದ ಲಾರಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಕಾಯುತ್ತಿರುತ್ತದೆ. ತೆರಿಗೆಗೆ ಒಳಪಟ್ಟ ಸರಕಿನ ಮೌಲ್ಯ 50,000 ರೂಪಾಯಿ ಮೀರಿದ್ದರೆ ಇ-ವೇ ಬಿಲ್ ಇಲ್ಲದೆ ಚಾಲಕ ಹೊರಡುವಂತಿಲ್ಲ. ಯು.ಪಿ.ಎಸ್. ಕೆಲವು ನಿಮಿಷ ಕೂಗಿ ಸುಮ್ಮನಾಗುತ್ತದೆ. ಲೆಕ್ಕ ಬರೆಯುವ ಗುಮಾಸ್ತರ ಮನೆ ಸಾಲ್ಬುಡದ ಕಡೆಗಿದ್ದು, ಸೌಪರ್ಣಿಕೆ ಉಕ್ಕಿ ದಾರಿಯ ಮೇಲೆ ನೀರು ನಿಂತಿದ್ದರೆ ಅಂದು ಅವರು ಅಂಗಡಿಗೆ ಬಂದೇ ಇರುವುದಿಲ್ಲ. ಸರಕು ಇದೆ, ಗಿರಾಕಿ ಇದ್ದಾನೆ, ಲಾರಿ ಇದೆ. ಕಾಗದವೊಂದು ಹುಟ್ಟದೆ ವ್ಯಾಪಾರ ನಿಂತಿರುತ್ತದೆ.

ಅಗ್ಗದ ಲ್ಯಾಪ್‌ಟಾಪುಗಳ ಕುರಿತಾದ ಚರ್ಚೆ ಆರಂಭವಾಗಬೇಕಾದದ್ದು ಈ ಲಾರಿಯ ಬಳಿಯಿಂದ. ಹಬ್ಬದ ಜಾಹೀರಾತುಗಳು ರಿಯಾಯಿತಿಯ ಪ್ರಮಾಣವನ್ನು ದೊಡ್ಡಕ್ಷರಗಳಲ್ಲಿ ಸಾರುತ್ತವೆ. ಆದರೆ ವರ್ತಕನಿಗೂ ಸಣ್ಣ ಕೈಗಾರಿಕೋದ್ಯಮಿಗೂ ಮುಖ್ಯವಾದ ಪ್ರಶ್ನೆ ಬೇರೆ: ಯಂತ್ರ ಕೈಯಲ್ಲಿರುವಷ್ಟು ವರ್ಷ ಎಷ್ಟು ದಿನ ಕೆಲಸ ನಡೆಯಿತು, ಎಷ್ಟು ದಿನ ನಿಂತಿತು? ಈ ಪ್ರಶ್ನೆಗೆ ಉತ್ತರ ಪಡೆಯದೆ ಕೊಂಡ ಅಗ್ಗದ ಯಂತ್ರವು ಕೊನೆಗೆ ದುಬಾರಿಯದಾಗುತ್ತದೆ ಎಂಬುದಕ್ಕೆ ಕಳೆದ ಕಾಲು ಶತಮಾನದ ಅನುಭವವೇ ಸಾಕ್ಷಿ.

ಕರಾವಳಿಗೆ ಹೊಸತಲ್ಲದ ಪದ್ಧತಿ

ಕಚೇರಿಯನ್ನು ಕೈಚೀಲದಲ್ಲಿ ಹೊತ್ತು ಗ್ರಾಹಕನ ಬಾಗಿಲಿಗೆ ಹೋಗುವ ಪದ್ಧತಿ ಉಡುಪಿ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಂತಹ ಸಣ್ಣ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ಪಡೆದು, ಅಲ್ಲಿಯೇ ಪುಸ್ತಕದಲ್ಲಿ ನಮೂದಿಸಿ ಹೋಗುತ್ತಿದ್ದ. ಕಟ್ಟಡವನ್ನು ನೆಚ್ಚದ ಈ ಕಚೇರಿಗೆ ಬೇಕಾದದ್ದು ಒಂದು ಚೀಲ, ಒಂದು ಪುಸ್ತಕ ಮತ್ತು ಊರಿನ ನಂಬಿಕೆ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡರೂ ಪಿಗ್ಮಿ ಎಂಬ ಶಬ್ದ ಮತ್ತು ಪದ್ಧತಿ ಎರಡೂ ಸಹಕಾರಿ ಸಂಘಗಳಲ್ಲಿ ಜೀವಂತವಾಗಿವೆ.

ಇಂದು ಪಿಗ್ಮಿ ಸಂಗ್ರಾಹಕರ ಚೀಲದಲ್ಲಿ ಪುಸ್ತಕದ ಜೊತೆಗೆ, ಅನೇಕ ಕಡೆ ಅದರ ಬದಲಿಗೆ, ಅಂಗೈಯಗಲದ ಒಂದು ಯಂತ್ರವಿದೆ. ಬಸ್ಸಿನ ನಿರ್ವಾಹಕರ ಕೈಯಲ್ಲಿ ಟಿಕೇಟು ಮುದ್ರಿಸುವ ಯಂತ್ರವಿದೆ. ವಿದ್ಯುತ್ ಮಾಪಕ ಓದಲು ಬರುವ ಸಿಬ್ಬಂದಿ ಅಂಗಳದಲ್ಲಿಯೇ ಬಿಲ್ಲು ಮುದ್ರಿಸಿ ಕೊಡುತ್ತಾರೆ. ಇವುಗಳನ್ನು ಯಾರೂ ಗಣಕಯಂತ್ರವೆಂದು ಕರೆಯುವುದಿಲ್ಲ. ಆದರೆ ಕರಾವಳಿಯಲ್ಲಿ ಯಶಸ್ವಿಯಾದ ಅಗ್ಗದ ಸಂಚಾರಿ ಗಣಕಗಳು ನಿಜವಾಗಿ ಇವೇ. ಇವುಗಳ ಲಕ್ಷಣಗಳನ್ನು ಗಮನಿಸತಕ್ಕದ್ದು. ಪ್ರತಿಯೊಂದಕ್ಕೂ ಮಾಡಬೇಕಾದ ಕೆಲಸ ಮೊದಲೇ ಗೊತ್ತಿದೆ. ಒಮ್ಮೆ ಚಾರ್ಜು ಮಾಡಿದರೆ ದಿನದ ಸುತ್ತಾಟ ಮುಗಿಯುವ ತನಕ ಬ್ಯಾಟರಿ ಬರಬೇಕೆಂಬ ಷರತ್ತಿದೆ. ಒಂದು ಕೆಟ್ಟರೆ ಮತ್ತೊಂದನ್ನು ಕೊಟ್ಟು ಕಳುಹಿಸುವ ವ್ಯವಸ್ಥೆ ಹಿಂದಿದೆ. ಕೆಲಸವೇ ಯಂತ್ರವನ್ನು ಹುಡುಕಿಕೊಂಡು ಹೋದದ್ದರಿಂದ ಅವು ಉಳಿದುಕೊಂಡವು.

ಸಿಂಪ್ಯೂಟರ್ ಕಲಿಸಿದ ಪಾಠ

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಕರ್ನಾಟಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದ ವಿಜ್ಞಾನಿಗಳೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಸಹೋದ್ಯೋಗಿಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಸರಳವೂ ಅಗ್ಗವೂ ಬಹುಭಾಷಿಕವೂ ಆದ ಜನಸಾಮಾನ್ಯರ ಗಣಕ ಎಂಬುದೇ ಆ ಹೆಸರಿನ ವಿಸ್ತಾರ. ಲಿನಕ್ಸ್ ತಂತ್ರಾಂಶದಿಂದ ನಡೆಯುವ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುವ, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್ ಅಳವಡಿಸಬಲ್ಲ ಈ ಸಾಧನ ಜಗತ್ತಿನ ಗಮನ ಸೆಳೆಯಿತು.

2004ರ ಏಪ್ರಿಲಿನಲ್ಲಿ ಪಿಕೊಪೆಟಾ ಸಂಸ್ಥೆ ಮತ್ತು ಭಾರತ್ ಇಲೆಕ್ಟ್ರಾನಿಕ್ಸ್ ಸೇರಿ ಅಮಿಡಾ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಕಪ್ಪು-ಬಿಳುಪು ಪರದೆಯ ಮಾದರಿಯ ಬೆಲೆ 9,950 ರೂಪಾಯಿಯಾದರೆ ಬಣ್ಣದ ಪರದೆಯದ್ದು 19,950 ರೂಪಾಯಿ. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಆ ಚಲನೆಯನ್ನು ಗ್ರಹಿಸುವ ಸೌಲಭ್ಯವನ್ನು, ಇಂದಿನ ಸ್ಮಾರ್ಟ್‌ಫೋನುಗಳು ಬರುವುದಕ್ಕೂ ಮುನ್ನವೇ ಅದು ಹೊಂದಿತ್ತು. ಹೀಗಿದ್ದೂ 50,000 ಯಂತ್ರಗಳ ಗುರಿಗೆ ಪ್ರತಿಯಾಗಿ 2005ರ ವೇಳೆಗೆ ಮಾರಾಟವಾದದ್ದು ಸುಮಾರು 4,000 ಮಾತ್ರ. ತಂತ್ರಜ್ಞಾನದಲ್ಲಿ ಕೊರತೆಯಿತ್ತೆಂದು ಹೇಳುವಂತಿಲ್ಲ. ಬಳಸುವವನ ದಿನನಿತ್ಯದ ಕೆಲಸಕ್ಕೆ ಒದಗುವ ತಂತ್ರಾಂಶ, ಹತ್ತಿರದ ಪೇಟೆಯಲ್ಲಿ ದುರಸ್ತಿ, ಮಾರಾಟಗಾರರ ಜಾಲ ಇವು ಯಂತ್ರದ ಜೊತೆಜೊತೆಗೆ ಬೆಳೆಯಲಿಲ್ಲ. ಅಷ್ಟರಲ್ಲಿ ಮೊಬೈಲ್ ದೂರವಾಣಿ ಅಗ್ಗವಾಗುತ್ತ ಬಂದು ಆ ಸ್ಥಳವನ್ನು ಆಕ್ರಮಿಸಿತು.

2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್ಟಿನ ಕಥೆಯೂ ಬಹಳ ಭಿನ್ನವಲ್ಲ. ಬೆಲೆ ಬೆರಗು ಹುಟ್ಟಿಸುವಷ್ಟು ಕಡಿಮೆಯಾಗಿತ್ತು. ಆದರೆ 256 ಎಂ.ಬಿ. ಸ್ಮರಣೆ, ಒತ್ತಿ ಒತ್ತಿ ಮುಟ್ಟಬೇಕಾದ ಪರದೆ ಮತ್ತು ಬೇಗನೆ ಬರಿದಾಗುವ ಬ್ಯಾಟರಿಯಿಂದಾಗಿ ಮೊದಲ ಮಾದರಿಯು ತೀವ್ರ ಟೀಕೆಗೆ ಗುರಿಯಾಯಿತು. ಬೆಲೆಯನ್ನು ಮೊದಲು ನಿರ್ಧರಿಸಿ ಕೆಲಸವನ್ನು ಆಮೇಲೆ ಯೋಚಿಸಿದರೆ ಆಗುವುದು ಹೀಗೆಯೇ.

ಬೆಂಗಳೂರಿನ ಅಂಗಡಿ, ನಾವುಂದದ ಲೆಕ್ಕ

ಹಾಗಾದರೆ ನಾವುಂದ, ಮರವಂತೆ, ಕಿರಿಮಂಜೇಶ್ವರ, ಉಪ್ಪುಂದದಂತಹ ಊರುಗಳಲ್ಲಿ ಸಂಚಾರಿ ಗಣಕಕ್ಕಾಗಿ ಕಾದಿರುವ ಕೆಲಸವಾದರೂ ಯಾವುದು? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಕುಂದಾಪುರ ಮತ್ತು ಬೈಂದೂರು ತಾಲೂಕುಗಳಿಂದ ಹೋದವರು ಬೆಂಗಳೂರಿನಲ್ಲಿ ನಡೆಸುತ್ತಿರುವ ಬೇಕರಿ, ಹೋಟೆಲು, ಕಾಂಡಿಮೆಂಟ್ಸ್ ಅಂಗಡಿಗಳು ಎಷ್ಟೆಂಬುದನ್ನು ವಾರಾಂತ್ಯದ ರಾತ್ರಿ ಬಸ್ಸುಗಳೇ ಹೇಳುತ್ತವೆ. ಮಾಲೀಕರು ಬೆಳಗಿನ ಜಾವದಿಂದ ರಾತ್ರಿಯ ತನಕ ಗಲ್ಲಾ ಪೆಟ್ಟಿಗೆಯ ಮುಂದಿರುತ್ತಾರೆ. ಲೆಕ್ಕ ಬರೆಯಲು ಅವರಿಗೆ ಬಿಡುವಿಲ್ಲ. ನಗರದ ಸಂಬಳ ಕೊಟ್ಟು ಗುಮಾಸ್ತರನ್ನು ಇರಿಸಿಕೊಳ್ಳಲು ಸಣ್ಣ ಅಂಗಡಿಗೆ ಶಕ್ತಿಯಿಲ್ಲ.

ಇದರ ಪರಿಣಾಮವೇನೆಂಬುದು 2025ರ ಜುಲೈ ತಿಂಗಳಿನಲ್ಲಿ ಎಲ್ಲರ ಅರಿವಿಗೆ ಬಂದಿತು. ಯು.ಪಿ.ಐ. ಮೂಲಕ ಪಡೆದ ಹಣದ ಮೊತ್ತವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿದಾಗ ಬೇಕರಿ, ಕಾಂಡಿಮೆಂಟ್ಸ್ ಮತ್ತು ಹಾಲು-ತರಕಾರಿ ಅಂಗಡಿಗಳವರು ಕಂಗಾಲಾದರು. ಸರಕು ಮಾರಾಟಗಾರರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ಜಿ.ಎಸ್.ಟಿ. ನೋಂದಣಿ ಅಗತ್ಯವೆಂಬುದು ನಿಯಮ. ಹಾಲು, ತಾಜಾ ತರಕಾರಿಗಳಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದ ಹಣದಲ್ಲಿ ಹಾಲಿನದ್ದೆಷ್ಟು, ತೆರಿಗೆಯುಳ್ಳ ತಿನಿಸಿನದ್ದೆಷ್ಟು, ನೆಂಟರಿಂದ ಬಂದ ಕೈಸಾಲವೆಷ್ಟು ಎಂದು ದಿನದಿನವೂ ಬರೆದಿಟ್ಟವನಿಗೆ ಉತ್ತರ ಕೊಡುವುದು ಸುಲಭ. ಬರೆದಿಡದವನ ಪಾಲಿಗೆ ನಾಲ್ಕು ವರ್ಷಗಳ ಹಿಂದಿನ ಒಂದೊಂದು ಪಾವತಿಯೂ ಒಗಟು. ತಪ್ಪು ನೀತಿಯದೋ ವ್ಯಾಪಾರಿಯದೋ ಎಂಬ ವಾದ ಬೇರೆ. ಲೆಕ್ಕವಿಲ್ಲದೆ ಇನ್ನು ವ್ಯಾಪಾರವಿಲ್ಲ ಎಂಬುದಂತೂ ನಿರ್ವಿವಾದ.

ಇತ್ತ ಊರಿನಲ್ಲಿ ಪರಿಸ್ಥಿತಿ ಹೇಗಿದೆ? ಕುಂದಾಪುರ, ಬೈಂದೂರಿನ ಕಾಲೇಜುಗಳಲ್ಲಿ ಬಿ.ಕಾಂ. ಮುಗಿಸಿದ ಯುವಕ ಯುವತಿಯರು ಬೆಂಗಳೂರಿಗೆ ಹೋಗುವುದೋ, ಮನೆಯಲ್ಲಿ ಉಳಿಯುವುದೋ ಎಂಬ ಎರಡೇ ದಾರಿಗಳ ನಡುವೆ ನಿಂತಿದ್ದಾರೆ. ಮದುವೆಯಾಗಿ, ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುತ್ತಿರುವ ವಾಣಿಜ್ಯ ಪದವೀಧರೆಯರಿಗೆ ಮೊದಲ ದಾರಿಯೂ ಇಲ್ಲ. ಬೆಂಗಳೂರಿನ ಬೇಕರಿಯ ಖರೀದಿ ಬಿಲ್ಲುಗಳ ಛಾಯಾಚಿತ್ರ ಸಂಜೆ ಮೊಬೈಲಿಗೆ ಬಂದರೆ, ಮರುದಿನ ಬೆಳಗ್ಗೆ ನಾವುಂದದ ಮನೆಯೊಂದರಲ್ಲಿ ಅದು ಖಾತೆಗೆ ಏರಬಹುದು. ನಾಲ್ಕು ಅಂಗಡಿಗಳ ಲೆಕ್ಕವನ್ನು ಒಬ್ಬರೇ ಹಿಡಿದರೆ ಒಂದೊಂದು ಅಂಗಡಿಗೂ ಹೊರೆ ಹಗುರ. ಹಿಡಿದವರಿಗೂ ಊರು ಬಿಡದೆ ಸಂಪಾದನೆ. 2020ರ ಲಾಕ್‌ಡೌನ್ ಅವಧಿಯಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳು ಹಳ್ಳಿಯ ಚಾವಡಿಗಳಲ್ಲಿ ಕುಳಿತು ದೂರದ ಕಂಪನಿಗಳ ಕೆಲಸ ಮಾಡಿದ್ದನ್ನು ಕರಾವಳಿ ಕಂಡಿದೆ. ಅವರಿಗೆ ಯಂತ್ರವನ್ನು ಕಂಪನಿ ಕೊಟ್ಟಿತ್ತು. ಬೇಕರಿಯ ಲೆಕ್ಕ ಹಿಡಿಯುವವರಿಗೆ ಕೊಡುವವರು ಯಾರು ಎಂಬುದು ಈಗಿನ ಪ್ರಶ್ನೆ.

ಸ್ಥಳೀಯ ಉದ್ದಿಮೆಗಳ ಅಗತ್ಯವೂ ಕಡಿಮೆಯದಲ್ಲ. ಗೇರುಬೀಜ ಕಾರ್ಖಾನೆಯವರು ದಾಸ್ತಾನನ್ನು ಗೋದಾಮಿನಲ್ಲಿಯೇ ನಮೂದಿಸಬೇಕು. ಹಂಚು, ಮುರಕಲ್ಲು, ಸಿಮೆಂಟ್ ಇಟ್ಟಿಗೆಯ ವ್ಯಾಪಾರಿಯು ಕಟ್ಟಡ ಏಳುವ ಜಾಗದಲ್ಲಿಯೇ ದರಪಟ್ಟಿ ಸಿದ್ಧಪಡಿಸಬೇಕು. ಗಂಗೊಳ್ಳಿಯ ಬಂದರಿನಲ್ಲಿ ಮೀನು ಕೊಳ್ಳುವವನು ಹರಾಜು ಮುಗಿದ ಗಳಿಗೆಯಲ್ಲಿಯೇ ಲೆಕ್ಕ ಚುಕ್ತಾ ಮಾಡಬೇಕು.

ಮೊಬೈಲ್ ಒಂದೇ ಸಾಲದೇ?

ಕೈಯಲ್ಲಿ ಮೊಬೈಲ್ ಇರುವಾಗ ಮತ್ತೊಂದು ಯಂತ್ರವೇಕೆಂದು ಅನೇಕ ವರ್ತಕರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದು. ಹಣ ಪಡೆಯಲು, ಬಿಲ್ಲಿನ ಚಿತ್ರ ಕಳುಹಿಸಲು, ತುರ್ತಿಗೆ ಒಂದು ಇ-ವೇ ಬಿಲ್ ತೆಗೆಯಲು ಮೊಬೈಲ್ ಧಾರಾಳವಾಗಿ ಸಾಕು. ಲಾರಿಯ ಸಮಸ್ಯೆಯನ್ನು ಅನೇಕ ವೇಳೆ ಮೊಬೈಲೇ ಬಗೆಹರಿಸೀತು. ಆದರೆ ತಿಂಗಳ ಐನೂರು ಸಾಲುಗಳ ಖರೀದಿ ದಾಖಲೆಯನ್ನು ಪೋರ್ಟಲಿನ ಪಟ್ಟಿಯೊಡನೆ ತಾಳೆ ನೋಡಲು, ಯಾವ ಸರಬರಾಜುದಾರ ಬಿಲ್ಲನ್ನು ನಮೂದಿಸಿಲ್ಲವೆಂದು ಹುಡುಕಲು, ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಅಂಗೈಯ ಪರದೆ ಸಾಲದು. ಅಲ್ಲಿ ಕಣ್ಣು ತಪ್ಪಿದ ಒಂದು ಸಾಲು ಎಂದರೆ ಕಳೆದುಕೊಂಡ ತೆರಿಗೆ ಜಮೆ.

ಅಂತೆಯೇ, ವೇ-ಬ್ರಿಡ್ಜಿನ ಪಕ್ಕ ಅಥವಾ ಬಿಲ್ಲಿಂಗ್ ಕೌಂಟರಿನಲ್ಲಿ ಸದಾ ಒಂದೇ ಕಡೆ ಇರಬೇಕಾದ ಯಂತ್ರ ಮೇಜಿನ ಗಣಕವಾಗಿದ್ದರೇ ಲೇಸು. ಅದೇ ಬೆಲೆಗೆ ಹೆಚ್ಚು ಶಕ್ತಿ ದೊರೆಯುತ್ತದೆ. ಬಿಡಿಭಾಗ ಬದಲಿಸುವುದೂ ಸುಲಭ. ಸಂಚಾರಿ ಗಣಕ ಬೇಕಾದದ್ದು ಸಂಚಾರವಿರುವ ಕೆಲಸಕ್ಕೆ, ಮನೆಯಿಂದ ನಡೆಯುವ ಕೆಲಸಕ್ಕೆ ಮತ್ತು ವಿದ್ಯುತ್ ಹೋದಾಗಲೂ ನಿಲ್ಲಬಾರದ ಕೆಲಸಕ್ಕೆ.

ಅಗ್ಗದ ಲೆಕ್ಕಾಚಾರ

ಸರಳವಾದ ಒಂದು ಗಣಿತವನ್ನು ನೋಡಬಹುದು. 36,000 ರೂಪಾಯಿಯ ಯಂತ್ರವೊಂದು ವರ್ಷಕ್ಕೆ 300 ದಿನಗಳಂತೆ ಮೂರು ವರ್ಷ ಕೆಲಸ ಮಾಡಿದರೆ ದಿನವೊಂದಕ್ಕೆ ಬೀಳುವ ವೆಚ್ಚ 40 ರೂಪಾಯಿ. 18,000 ರೂಪಾಯಿಗೆ ಕೊಂಡದ್ದು ಒಂದೇ ವರ್ಷಕ್ಕೆ ಮೂಲೆ ಸೇರಿದರೆ ದಿನದ ವೆಚ್ಚ 60 ರೂಪಾಯಿ. ಇದರ ಮೇಲೆ ಯಂತ್ರ ನಿಂತ ದಿನಗಳ ನಷ್ಟವಿದೆ. ಜಿ.ಎಸ್.ಟಿ. ವಿವರಪಟ್ಟಿ ತಡವಾದರೆ ತೆರಿಗೆ ಬಾಕಿಯಿರುವ ವ್ಯಾಪಾರಿಗೆ ಸಾಮಾನ್ಯವಾಗಿ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಜೊತೆಗೆ ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ. ಸರಿಯಾದ ಯಂತ್ರಕ್ಕೆ ತಗಲುವ ದಿನದ ವೆಚ್ಚಕ್ಕಿಂತ ಕೆಟ್ಟು ನಿಂತ ದಿನದ ಶುಲ್ಕವೇ ಹೆಚ್ಚು ಎಂಬುದನ್ನು ಗಮನಿಸಬಹುದು.

ಎರಡನೆಯದು, ಯಂತ್ರಕ್ಕೂ ತಂತ್ರಾಂಶಕ್ಕೂ ಹೊಂದಾಣಿಕೆ. 2023ರಲ್ಲಿ ರಿಲಯನ್ಸ್ ಜಿಯೋ 16,499 ರೂಪಾಯಿಗೆ ಬಿಡುಗಡೆ ಮಾಡಿದ ಜಿಯೋಬುಕ್ ಒಂದು ಕಿಲೋಗ್ರಾಮಿಗಿಂತ ಹಗುರ, 4-ಜಿ ಸಂಪರ್ಕ ಒಳಗೇ ಇರುವಂಥದ್ದು. ಓದುವ ಮಕ್ಕಳಿಗೆ, ಪತ್ರ ವ್ಯವಹಾರಕ್ಕೆ, ಪೋರ್ಟಲುಗಳನ್ನು ತೆರೆಯುವುದಕ್ಕೆ ಒಪ್ಪುವ ಯಂತ್ರ. ಆದರೆ ಅದು ನಡೆಯುವುದು ಜಿಯೋ ಓ.ಎಸ್. ಮೇಲೆ, ಬೆಂಗಳೂರಿನಲ್ಲಿಯೇ ಹುಟ್ಟಿ ನಾಡಿನ ವರ್ತಕರ ಮನೆಮಾತಾದ ಟ್ಯಾಲಿ ನೇರವಾಗಿ ನಡೆಯುವುದು ವಿಂಡೋಸ್ ಮೇಲೆ. ಟ್ಯಾಲಿಗಾಗಿ ಇಂತಹ ಯಂತ್ರ ಕೊಂಡವರಿಗೆ ನಿರಾಶೆ ಖಚಿತ. ಅದು ಯಂತ್ರದ ದೋಷವಲ್ಲ, ಆಯ್ಕೆಯ ದೋಷ.

ಮೂರನೆಯದು, ಬಳಸಿದ ಯಂತ್ರಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಅರ್ಧಕ್ಕೂ ಕಡಿಮೆ ಬೆಲೆಗೆ ದೊರೆಯುವುದುಂಟು. ಅವುಗಳ ಕಟ್ಟೋಣ ಅನೇಕ ವೇಳೆ ಹೊಸ ಅಗ್ಗದ ಯಂತ್ರಕ್ಕಿಂತ ಗಟ್ಟಿ. ಆದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ತಾತ್ಕಾಲಿಕ ವಿಸ್ತರಣೆಗಳನ್ನು ನೆಚ್ಚಿಕೊಂಡು ತೆರಿಗೆ ಮತ್ತು ಬ್ಯಾಂಕಿನ ವ್ಯವಹಾರ ನಡೆಸುವುದು ಜಾಣತನವಲ್ಲ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವುಳ್ಳ, ಇಂಟೆಲ್ ಆದರೆ ಬಹುತೇಕ ಎಂಟನೆಯ ತಲೆಮಾರು ಅಥವಾ ಅದರ ಮುಂದಿನ ಸಂಸ್ಕಾರಕವುಳ್ಳ ಯಂತ್ರಗಳನ್ನು. ಇದನ್ನು ಕೇಳದೆ ಕೊಂಡವನು ಇನ್ನೊಬ್ಬರು ಎಸೆದ ಸಮಸ್ಯೆಗೆ ಹಣ ಕೊಟ್ಟಂತೆ.

ಹೊಸದನ್ನೇ ಕೊಳ್ಳುವುದಾದರೂ 4 ಜಿ.ಬಿ. ಸ್ಮರಣೆ ಮತ್ತು 64 ಜಿ.ಬಿ. ಸಂಗ್ರಹ ಎಂಬುದು ವಿಂಡೋಸ್ 11 ಬೇಡುವ ಕನಿಷ್ಠ ಪ್ರಮಾಣ. ಕನಿಷ್ಠದಲ್ಲಿ ಯಂತ್ರ ತೆರೆದುಕೊಳ್ಳುತ್ತದೆ, ಕೆಲಸ ತೆವಳುತ್ತದೆ. ಲೆಕ್ಕದ ಕೆಲಸಕ್ಕೆ 8 ಜಿ.ಬಿ. ಸ್ಮರಣೆ, 256 ಜಿ.ಬಿ.ಯ ಎಸ್.ಎಸ್.ಡಿ. ಸಂಗ್ರಹ ಇರುವುದು ಒಳಿತು. ಕಂಪನಿಗಳಿಗೂ ಪಾಲುದಾರಿಕೆಯ ಎಲ್.ಎಲ್.ಪಿ.ಗಳಿಗೂ ಬೇಕಾಗುವ ಡಿಜಿಟಲ್ ಸಹಿಯ ಟೋಕನ್ ಚುಚ್ಚಲು ಹಳೆಯ ಮಾದರಿಯ ಯು.ಎಸ್.ಬಿ. ಕಿಂಡಿ ಇದೆಯೇ ಎಂಬ ಸಣ್ಣ ವಿಷಯವನ್ನೂ ಮೊದಲೇ ನೋಡಿಕೊಳ್ಳಬೇಕು.

ನಾಲ್ಕನೆಯದು ತೆರಿಗೆ. ಲ್ಯಾಪ್‌ಟಾಪುಗಳ ಮೇಲಿನ ಜಿ.ಎಸ್.ಟಿ. ಶೇ. 18. ಒಟ್ಟು 35,400 ರೂಪಾಯಿಯ ಯಂತ್ರದಲ್ಲಿ 5,400 ರೂಪಾಯಿ ತೆರಿಗೆ. ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯಲ್ಲಿ ಬಿಲ್ಲು ಪಡೆದು ವ್ಯಾಪಾರಕ್ಕೇ ಬಳಸುವ ಸಾಮಾನ್ಯ ನೋಂದಣಿಯ ವರ್ತಕನಿಗೆ ಇದು ಇನ್‌ಪುಟ್ ತೆರಿಗೆ ಜಮೆಯಾಗಿ ಮರಳುತ್ತದೆ. ಮಗನ ಹೆಸರಿನಲ್ಲಿ, ಮನೆಯ ವಿಳಾಸಕ್ಕೆ, ಆತುರದಿಂದ ಆನ್‌ಲೈನಿನಲ್ಲಿ ತರಿಸಿದರೆ ಆ ಹಣ ಹೋದಂತೆಯೇ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಜಮೆ ದೊರೆಯದು. ಅವರು ಪೂರ್ಣ ಬೆಲೆಯನ್ನೇ ವೆಚ್ಚವೆಂದು ಎಣಿಸಬೇಕು.

ಮಳೆ, ಉಪ್ಪುಗಾಳಿ ಮತ್ತು ದುರಸ್ತಿ

ದೆಹಲಿಯ ಅಥವಾ ಬೆಂಗಳೂರಿನ ಸಲಹೆಗಳು ಕರಾವಳಿಗೆ ಹಾಗೆಯೇ ಒಪ್ಪುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಕಡಲು ಕೂಗಳತೆಯಲ್ಲಿರುವ ಸೀಮೆಯಲ್ಲಿ ತೇವ ಮತ್ತು ಉಪ್ಪುಗಾಳಿ ಕಬ್ಬಿಣದ ಶಟರನ್ನೇ ತಿನ್ನುತ್ತವೆ. ಗಣಕದ ಒಳಗಿನ ತಾಮ್ರದ ಎಳೆಗಳಿಗೂ ಕೀಲಿಮಣೆಗೂ ಅದೇ ಗತಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಮುಚ್ಚಿಟ್ಟ ಯಂತ್ರಕ್ಕಿಂತ ದಿನವೂ ಬಳಸಿ ಬೆಚ್ಚಗಾಗುವ ಯಂತ್ರವೇ ಚೆನ್ನಾಗಿ ಬಾಳುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಟ್ಟು ಬ್ಯಾಟರಿಯಲ್ಲಿ ಕೆಲಸ ಮುಂದುವರಿಸಬಹುದಾದದ್ದು ಲ್ಯಾಪ್‌ಟಾಪಿನ ದೊಡ್ಡ ಅನುಕೂಲ. ಅದಕ್ಕೆ ಬೇಕಾದ ವಿದ್ಯುತ್ತೂ ಮೇಜಿನ ಗಣಕಕ್ಕಿಂತ ಬಹಳ ಕಡಿಮೆಯಾದ್ದರಿಂದ ಮನೆಯ ಸಣ್ಣ ಇನ್ವರ್ಟರ್ ಗಂಟೆಗಟ್ಟಲೆ ನಡೆಸೀತು. ಸಂಪರ್ಕಕ್ಕೂ ಒಂದೇ ದಾರಿಯನ್ನು ನೆಚ್ಚದೆ, ಮನೆಗೆ ಎಳೆದ ಫೈಬರ್ ಒಂದು ಕಂಪನಿಯದಾದರೆ ಮೊಬೈಲಿನ ಸಿಮ್ ಇನ್ನೊಂದರದ್ದಾಗಿರುವುದು ಕ್ಷೇಮ.

ದುರಸ್ತಿಯ ವಿಚಾರ ಇನ್ನೂ ಮುಖ್ಯ. ವಾರಂಟಿ ಪತ್ರದಲ್ಲಿ ಒಂದು ವರ್ಷವೆಂದು ಬರೆದಿರುವುದನ್ನು ಎಲ್ಲರೂ ಓದುತ್ತಾರೆ; ಯಂತ್ರವನ್ನು ಸೇವಾ ಕೇಂದ್ರಕ್ಕೆ ಒಯ್ಯಬೇಕೋ, ಅವರೇ ಬರುತ್ತಾರೋ ಎಂಬುದನ್ನು ಓದುವವರು ಕಡಿಮೆ. ನಾವುಂದದಿಂದ ಉಡುಪಿಗೋ ಮಂಗಳೂರಿಗೋ ಎರಡು ಸಲ ಹೋಗಿ ಬರುವುದೆಂದರೆ ಎರಡು ದಿನಗಳ ವ್ಯಾಪಾರ. ಕೊಳ್ಳುವ ಮೊದಲೇ ನಮ್ಮ ಪಿನ್‌ಕೋಡಿಗೆ ಮನೆಬಾಗಿಲಿನ ಸೇವೆ ಉಂಟೇ, ಕುಂದಾಪುರದಲ್ಲಿ ಆ ಮಾದರಿಯ ಬ್ಯಾಟರಿ, ಕೀಲಿಮಣೆ, ಚಾರ್ಜರ್ ಸಿಗುತ್ತದೆಯೇ ಎಂದು ವಿಚಾರಿಸುವುದು ಚೌಕಾಸಿಗಿಂತ ಹೆಚ್ಚು ಲಾಭದಾಯಕ.

ಯಂತ್ರ ಯಾರದು, ಲೆಕ್ಕ ಯಾರದು?

ಮನೆಯಿಂದ ಲೆಕ್ಕ ಬರೆಯುವವರು ಸ್ವಂತ ಲ್ಯಾಪ್‌ಟಾಪ್ ತರಲಿ ಎಂಬ ಧೋರಣೆ ಸಣ್ಣ ಉದ್ದಿಮೆಗಳಲ್ಲಿ ಬೆಳೆಯುತ್ತಿದೆ. ಮೇಲ್ನೋಟಕ್ಕೆ ಇದು ಉಳಿತಾಯ, ವಾಸ್ತವವಾಗಿ ಗಂಡಾಂತರ. ಅದೇ ಯಂತ್ರದಲ್ಲಿ ಮಕ್ಕಳು ಆಟವಾಡುತ್ತಾರೆ, ಮನೆಯವರೆಲ್ಲ ಸಿನಿಮಾ ನೋಡುತ್ತಾರೆ, ಅಂಗಡಿಯ ಪೋರ್ಟಲಿನ ಗುಪ್ತಪದವೂ ಅದರಲ್ಲಿಯೇ ಕುಳಿತಿರುತ್ತದೆ. ಕೆಲಸ ಬಿಟ್ಟ ದಿನ ಮೂರು ವರ್ಷಗಳ ಖಾತೆಗಳು ಯಾರ ಸೊತ್ತು ಎಂಬ ಜಗಳ ಹುಟ್ಟುತ್ತದೆ. ಅಲ್ಲದೆ, ತಿಂಗಳಿಗೆ ಕೆಲವು ಸಾವಿರ ದುಡಿಯುವ ಗೃಹಿಣಿಯ ಮೇಲೆ ಯಂತ್ರದ ಸಾಲವನ್ನೂ ಹೊರಿಸುವುದು ನ್ಯಾಯವಲ್ಲ. ಯಂತ್ರವನ್ನು ಸಂಸ್ಥೆಯೇ ಕೊಡಬೇಕು. ನಾಲ್ಕು ಅಂಗಡಿಗಳ ಲೆಕ್ಕವನ್ನು ಒಬ್ಬರೇ ಹಿಡಿಯುವುದಾದರೆ ನಾಲ್ಕೂ ಅಂಗಡಿಗಳು ವೆಚ್ಚವನ್ನು ಹಂಚಿಕೊಳ್ಳಲಿ.

ಕೊಟ್ಟ ಮೇಲೆ ಕೆಲವು ಕಟ್ಟಳೆಗಳು ಅಗತ್ಯ. ಪ್ರತಿ ಅಂಗಡಿಗೂ ಬೇರೆ ಗುಪ್ತಪದ. ದಿನದ ಕೊನೆಗೆ ಖಾತೆಯ ಒಂದು ಪ್ರತಿ ಹೊರಗಿನ ಡ್ರೈವಿನಲ್ಲಿ, ಇನ್ನೊಂದು ಮಾಲೀಕನ ಬಳಿ. ಒ.ಟಿ.ಪಿ. ಬರುವ ದೂರವಾಣಿ ಸಂಖ್ಯೆ ಮಾಲೀಕನ ಕೈಯಲ್ಲೇ ಇರಬೇಕು. ಕೆಲಸದ ಹೊತ್ತು ಇಂತಿಷ್ಟೇ ಎಂಬ ಮಾತೂ ಆಗಬೇಕು. ಕಚೇರಿ ಚೀಲದೊಳಗೆ ಬಂತೆಂದು ರಾತ್ರಿ ಹನ್ನೊಂದಕ್ಕೆ ಕರೆ ಮಾಡಿ ಲೆಕ್ಕ ಕೇಳಿದರೆ ಅನುಕೂಲವೇ ಕಿರುಕುಳವಾಗುತ್ತದೆ, ಒಳ್ಳೆಯ ಕೆಲಸಗಾರರು ಉಳಿಯುವುದಿಲ್ಲ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಕನ್ನಡವನ್ನು ಗಣಕದಲ್ಲಿ ಬರೆಯುವ ಕೀಲಿಮಣೆ ವಿನ್ಯಾಸವನ್ನು ನಾಡಿಗೆ ಕೊಟ್ಟವರು ಕರಾವಳಿಯವರೇ ಆದ ಕೆ.ಪಿ. ರಾವ್. ಯೂನಿಕೋಡ್ ಕನ್ನಡ ಇಂದು ಯಾವ ಯಂತ್ರದಲ್ಲಿಯೂ ದೊರೆಯುತ್ತದೆ. ಹೀಗಿದ್ದರೂ ಸರಕಿನ ಹೆಸರು, ಗಿರಾಕಿಯ ವಿಳಾಸ, ಕೆಲಸದ ಸೂಚನೆಗಳನ್ನು ತಪ್ಪುತಪ್ಪಾದ ಇಂಗ್ಲಿಷಿನಲ್ಲಿಯೇ ಬರೆಯಬೇಕೆಂಬ ಹಟದಿಂದ ಅನೇಕ ಅನುಭವಿ ಗುಮಾಸ್ತರು ಗಣಕದಿಂದ ದೂರ ಉಳಿದಿದ್ದಾರೆ. ಒಂದು ವಾರದ ಕನ್ನಡ ಟೈಪಿಂಗ್ ಅಭ್ಯಾಸ ಅವರ ಮೂವತ್ತು ವರ್ಷಗಳ ಲೆಕ್ಕದ ಜಾಣ್ಮೆಯನ್ನು ಯಂತ್ರಕ್ಕೆ ಜೋಡಿಸಬಲ್ಲದು.

ಒಟ್ಟಾಗಿ ಕೊಳ್ಳುವ ದಾರಿ

ಬಿಡಿಬಿಡಿಯಾಗಿ ಕೊಳ್ಳುವ ವರ್ತಕನಿಗೆ ಮಾರುಕಟ್ಟೆಯಲ್ಲಿ ಬಲವಿಲ್ಲ. 2023ರ ಆಗಸ್ಟ್ 3ರಂದು ಕೇಂದ್ರವು ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಕಡ್ಡಾಯಗೊಳಿಸಿ, ಬಳಿಕ ಅದನ್ನು ಮುಂದೂಡಿ, ನವೆಂಬರ್ 1ರಿಂದ ಆಮದು ನಿರ್ವಹಣಾ ವ್ಯವಸ್ಥೆಯನ್ನು ಜಾರಿಗೆ ತಂದಾಗ ಮುಂದಿನ ಬೆಲೆ ಏನಾದೀತೆಂಬ ಗೊಂದಲ ಹಬ್ಬಿತು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನೆಲ್ಲೆಡೆ ಮೆಮೊರಿ ಚಿಪ್ಪುಗಳ ಬೆಲೆ ಏರಿತು. ಇಂತಹ ಏರಿಳಿತಗಳ ಮುಂದೆ ಒಬ್ಬಂಟಿ ಗಿರಾಕಿ ಕೇಳಿದ ಬೆಲೆ ಕೊಡುವವನೇ ಆಗುತ್ತಾನೆ.

ಪಿಗ್ಮಿ ಯಂತ್ರ ಮತ್ತು ಟಿಕೇಟು ಯಂತ್ರಗಳ ಗುಟ್ಟು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳ ವರ್ತಕ ಸಂಘಗಳು ಸದಸ್ಯರ ಅಗತ್ಯವನ್ನು ಪಟ್ಟಿ ಮಾಡಿ, ಒಂದೇ ಮಾದರಿಯ ಇಪ್ಪತ್ತು ಮೂವತ್ತು ಯಂತ್ರಗಳನ್ನು ಒಟ್ಟಿಗೆ ಕೊಳ್ಳಲು ಮಾತುಕತೆ ನಡೆಸಬಹುದು. ಬೆಲೆಯಲ್ಲಿ ದೊರೆಯುವ ರಿಯಾಯಿತಿ ಇದರ ಸಣ್ಣ ಲಾಭ. ಮಾದರಿ ಒಂದೇ ಆದರೆ ಚಾರ್ಜರೂ ಬ್ಯಾಟರಿಯೂ ಒಂದೇ. ಕುಂದಾಪುರದ ಒಬ್ಬ ದುರಸ್ತಿಗಾರನೊಡನೆ ವಾರ್ಷಿಕ ಕರಾರು ಮಾಡಿಕೊಳ್ಳುವುದು ಆಗ ಸಾಧ್ಯ. ಸಂಘದ ಕಪಾಟಿನಲ್ಲಿ ಎರಡು ಯಂತ್ರಗಳನ್ನು ಹೆಚ್ಚುವರಿಯಾಗಿ ಇರಿಸಿದರೆ ಯಾರದ್ದಾದರೂ ಕೆಟ್ಟ ದಿನ ಅದೇ ದಿನ ಬದಲಿ ಕೊಡಬಹುದು. ಲೆಕ್ಕ ಬರೆಯಬಲ್ಲ ಸ್ಥಳೀಯ ಪದವೀಧರರ ಪಟ್ಟಿಯೊಂದನ್ನೂ ಸಂಘವೇ ಇಟ್ಟುಕೊಂಡು ಬೆಂಗಳೂರಿನಲ್ಲಿರುವ ಊರಿನ ಉದ್ದಿಮೆದಾರರಿಗೆ ಪರಿಚಯಿಸಿದರೆ ಯಂತ್ರಕ್ಕೆ ಕೆಲಸವೂ ಕೆಲಸಕ್ಕೆ ಜನರೂ ಒಟ್ಟಿಗೆ ಒದಗುತ್ತಾರೆ.

ಇದಕ್ಕೆ ಸರ್ಕಾರದ ಯೋಜನೆಯೊಂದು ಬರಲೆಂದು ಕಾಯಬೇಕಾಗಿಲ್ಲ, ದೊಡ್ಡ ಬಂಡವಾಳವೂ ಬೇಕಾಗಿಲ್ಲ. 1928ರಲ್ಲಿ ಎರಡಾಣೆಯ ಠೇವಣಿಗಾಗಿ ಮನೆಮನೆಗೆ ನಡೆದ ಸೀಮೆಯಿದು. ಸಣ್ಣ ಮೊತ್ತಗಳನ್ನು ಕೂಡಿಸಿ ದೊಡ್ಡ ಕೆಲಸ ಮಾಡುವ ವಿದ್ಯೆ ಇಲ್ಲಿನವರಿಗೆ ಕಲಿಸಬೇಕಾದದ್ದಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ ಸಂಘಗಳ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ವಿದ್ಯುತ್ ಹೋದ ಸಂಜೆ, ಹೊಳೆಗೆ ನೆರೆ ಬಂದ ದಿನ, ನಾವುಂದದ ಗುಮಾಸ್ತರು ಮನೆಯಲ್ಲಿ ಕುಳಿತೇ ಬಿಲ್ಲು ತೆಗೆದು ಕಳುಹಿಸುವಂತಾದರೆ ಲಾರಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಅಂದು ಕೊಟ್ಟ ಬೆಲೆಯೇ ಅಗ್ಗದ ಬೆಲೆ.